ಹಳದಿ ಬಣ್ಣ ಬರದಿದ್ದರೆ ಎಲ್ಲಿಂದ ಹುಡುಕಬೇಕು: ರೀಕಾಂಬಿನೆಂಟ್ ಬೀಟಾ-ಗ್ಯಾಲಕ್ಟೋಸಿಡೇಸ್ ದೋಷ ನಿವಾರಣೆ

ಎಂಜೈಮ್ ಹಾಕಿದ್ದೀರಿ, ಅದು ಕತ್ತರಿಸಿದರೆ ಹಳದಿ ಕೊಡುವ ಒಎನ್‌ಪಿಜಿ ಹಾಕಿದ್ದೀರಿ, 37 ಡಿಗ್ರಿಯಲ್ಲಿ ಇಟ್ಟಿದ್ದೀರಿ. ಹತ್ತು ನಿಮಿಷ ಕಳೆಯಿತು. ಟ್ಯೂಬ್ ಇನ್ನೂ ನೀರಿನ ಹಾಗೇ ಇದೆ. ಆಗ ಬೆಂಚಿನಲ್ಲಿ ಕೇಳಿಬರುವ ಮೊದಲ ಮಾತು ಒಂದೇ: "ಮೇಡಂ, ಎಂಜೈಮ್ ಸತ್ತೋಗಿದೆ ಅನ್ಸುತ್ತೆ." ಮೈಸೂರಿನ ಸಂಶೋಧನಾ ಲ್ಯಾಬ್ ಆಗಲಿ, ಮಂಡ್ಯದ ಎಂ.ಎಸ್ಸಿ ಪ್ರಾಕ್ಟಿಕಲ್ ಆಗಲಿ, ಈ ಮಾತು ಬದಲಾಗುವುದಿಲ್ಲ. ನಾನು ತಿರುಗಿ ಕೇಳುವ ಪ್ರಶ್ನೆಯೂ ಬದಲಾಗುವುದಿಲ್ಲ. "ಬ್ಲಾಂಕ್ ಎಷ್ಟು ಬಂತಪ್ಪಾ?" ಅಂದರೆ, ಎಂಜೈಮ್ ಹಾಕದ ಟ್ಯೂಬಿನ ರೀಡಿಂಗ್.

ಎಂಜೈಮ್ ಸತ್ತಿರಬಹುದು. ಆದರೆ ಅದನ್ನು ಹೇಳುವುದಕ್ಕೆ ಮುಂಚೆ ನೋಡಬೇಕಾದ್ದು ಬಹಳ ಇದೆ. ಈ ಕೈಪಿಡಿಯಲ್ಲಿ ನಾನು ಹುಡುಕಾಟವನ್ನು ಕೊನೆಯಿಂದ ಶುರು ಮಾಡುತ್ತೇನೆ. ಮೊದಲು ರೀಡಿಂಗ್ ಕೊಡುವ ಯಂತ್ರ, ಆಮೇಲೆ ಬಣ್ಣ, ಆಮೇಲೆ ಬಫರ್, ಆಮೇಲೆ ಎಂಜೈಮಿನ ಪ್ರಮಾಣ, ಕಡೆಗೆ ಪ್ರೋಟೀನ್. ಕಾರಣ ಸರಳ. ಯಂತ್ರ ಮತ್ತು ಬಣ್ಣವನ್ನು ಪರೀಕ್ಷಿಸಲು ಅರ್ಧ ಗಂಟೆ ಸಾಕು, ಖರ್ಚು ಏನೂ ಇಲ್ಲ. ಪ್ರೋಟೀನನ್ನು ಪರೀಕ್ಷಿಸಲು ಜೆಲ್ ಹಾಕಬೇಕು, ಒಂದು ದಿನ ಹೋಗುತ್ತದೆ, ಮತ್ತು ಇರುವ ಒಂದೇ ಟ್ಯೂಬಿನ ಎಂಜೈಮೂ ಖರ್ಚಾಗುತ್ತದೆ.

ಉದಾಹರಣೆಗೆ ಇ. ಕೋಲೈಯ ಬೀಟಾ-ಗ್ಯಾಲಕ್ಟೋಸಿಡೇಸ್ ತೆಗೆದುಕೊಂಡಿದ್ದೇನೆ. ಲ್ಯಾಕ್‌ಝಡ್ ಜೀನಿನಿಂದ ಬರುವ, ಲ್ಯಾಕ್ಟೋಸ್ ಒಡೆಯುವ ಪ್ರೋಟೀನ್ ಇದು. ಲ್ಯಾಬ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿದೆ, ಬಣ್ಣ ಕಣ್ಣಿಗೇ ಕಾಣುತ್ತದೆ. ಒಂದು ಸರಪಳಿಯಲ್ಲಿ 1023 ಅಮೈನೋ ಆಮ್ಲಗಳು, ತೂಕ ಸುಮಾರು 116 ಕಿಲೋಡಾಲ್ಟನ್. ಇಂಥ ನಾಲ್ಕು ಸರಪಳಿ ಕೂಡಿ ಒಂದು ಟೆಟ್ರಾಮರ್ ಆದರೆ ಮಾತ್ರ ಕೆಲಸ ಮಾಡುತ್ತದೆ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ದೂರು ಏನು ಎಂದು ಮೊದಲು ಬರೆದುಕೊಳ್ಳಿ

"ಬರ್ತಿಲ್ಲ" ಅನ್ನುವುದು ದೂರಲ್ಲ. ಬಣ್ಣ ಸ್ವಲ್ಪವೂ ಬರುತ್ತಿಲ್ಲವೋ, ಬಂದರೂ ಲೇಬಲ್‌ನಲ್ಲಿ ಹೇಳಿದ್ದಕ್ಕಿಂತ ಕಡಿಮೆಯೋ, ಹೋದ ತಿಂಗಳು ಚೆನ್ನಾಗಿದ್ದು ಈಗ ಇಳಿಯುತ್ತಾ ಬಂದಿದೆಯೋ? ಈ ಮೂರಕ್ಕೆ ಬೇರೆ ಬೇರೆ ಕಾರಣ ಇರುತ್ತದೆ. ಸ್ವಲ್ಪವೂ ಬರದಿದ್ದರೆ ಸಾಮಾನ್ಯವಾಗಿ ಏನೋ ಒಂದು ಹಾಕುವುದು ಬಿಟ್ಟುಹೋಗಿದೆ, ಇಲ್ಲವೇ ಹಾಕಬಾರದ್ದು ಸೇರಿದೆ. ಅರ್ಧ ಬಂದರೆ ಹೆಚ್ಚಿನ ಸಲ ತಪ್ಪು ಲೆಕ್ಕದಲ್ಲಿ ಇರುತ್ತದೆ. ದಿನೇ ದಿನೇ ಇಳಿಯುತ್ತಿದ್ದರೆ ಶೇಖರಣೆ ಕಡೆ ನೋಡಿ. ನಾಲ್ಕನೆಯದೂ ಒಂದಿದೆ: ಬ್ಲಾಂಕೇ ಹಳದಿಯಾಗಿ ಬರುವುದು. ಅದು ಒಎನ್‌ಪಿಜಿಯ ಕಥೆ, ಕೆಳಗೆ ಬರುತ್ತದೆ.

ನೋಟ್‌ಬುಕ್ಕಿನಲ್ಲಿ ಆ ದಿನದ ಬ್ಲಾಂಕ್ ರೀಡಿಂಗ್, ಬಫರ್ ಮಾಡಿದ ತಾರೀಖು, ಟ್ಯೂಬಿನ ಲಾಟ್ ಸಂಖ್ಯೆ ಮೂರೂ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ಇವತ್ತಿನಿಂದ ಬರೆಯಿರಿ.

ಎಂಜೈಮ್ ಇಲ್ಲದೆ ಹಳದಿ ಬರಿಸಿ ನೋಡಿ

ಒಎನ್‌ಪಿಜಿಗೆ ಬಣ್ಣ ಇಲ್ಲ. ಎಂಜೈಮ್ ಅದನ್ನು ಕತ್ತರಿಸಿದಾಗ ಒಂದು ಕಡೆ ಗ್ಯಾಲಕ್ಟೋಸ್, ಇನ್ನೊಂದು ಕಡೆ ಆರ್ಥೋ-ನೈಟ್ರೋಫೀನಾಲ್ ಬರುತ್ತದೆ. ಹಳದಿ ಬಣ್ಣ ಈ ಎರಡನೆಯದರದ್ದು. ಹಾಗಾದರೆ ಅಂಗಡಿಯಿಂದ ತಂದ ಆರ್ಥೋ-ನೈಟ್ರೋಫೀನಾಲನ್ನೇ ನೇರವಾಗಿ ಹಾಕಿದರೆ ಯಂತ್ರ ಸರಿಯಾದ ಸಂಖ್ಯೆ ತೋರಿಸಬೇಕು, ಅಲ್ವಾ? ಈ ಪರೀಕ್ಷೆ ಮಾಡುವವರು ಬಹಳ ಕಡಿಮೆ. ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಉಪಯೋಗದ ಹೆಜ್ಜೆ ಇನ್ನೊಂದಿಲ್ಲ.

ಮಾಡುವುದು ಹೀಗೆ. 13.9 ಮಿಲಿಗ್ರಾಂ ಆರ್ಥೋ-ನೈಟ್ರೋಫೀನಾಲನ್ನು ಸ್ವಲ್ಪ ಇಥನಾಲ್‌ನಲ್ಲಿ ಕರಗಿಸಿ, ನೀರು ಸೇರಿಸಿ 10 ಮಿ.ಲೀ. ಮಾಡಿ. ಅದು 10 ಮಿಲಿಮೋಲಾರ್ ಸ್ಟಾಕ್. ಅದರಲ್ಲಿ 10 ಮೈಕ್ರೋಲೀಟರ್ ತೆಗೆದು 990 ಮೈಕ್ರೋಲೀಟರ್ ಸೋಡಿಯಂ ಕಾರ್ಬೊನೇಟ್ ದ್ರಾವಣಕ್ಕೆ ಹಾಕಿ. ಈಗ 100 ಮೈಕ್ರೋಮೋಲಾರ್ ಆಯಿತು. 1 ಸೆಂ.ಮೀ. ಕ್ಯುವೆಟ್‌ನಲ್ಲಿ 420 ನ್ಯಾನೋಮೀಟರ್‌ಗೆ ಓದಿದರೆ ಸುಮಾರು 0.45 ಬರಬೇಕು. ಕ್ಷಾರೀಯ ದ್ರಾವಣದಲ್ಲಿ ಇದರ ಮೋಲಾರ್ ಹೀರಿಕೆ ಸುಮಾರು 4500, ಅದರಿಂದ ಬಂದ ಲೆಕ್ಕ ಇದು.

0.45ರ ಆಸುಪಾಸು ಬಂದರೆ ಯಂತ್ರ ಸರಿ ಇದೆ. ಬಹಳ ಕಡಿಮೆ ಬಂದರೆ ಎಂಜೈಮನ್ನು ಫ್ರೀಜರ್‌ಗೆ ವಾಪಸ್ ಇಟ್ಟು ಮೊದಲು ಯಂತ್ರ ನೋಡಿ. ತರಂಗಾಂತರ ಬೇರೆ ಯಾರೋ ಬದಲಾಯಿಸಿರಬಹುದು. ಹಿಂದಿನವರು ಡಿಎನ್‌ಎ ಓದಿ 260ಕ್ಕೇ ಬಿಟ್ಟು ಹೋಗಿರುವುದು ಸಾಮಾನ್ಯ. ಪ್ಲೇಟ್ ರೀಡರ್ ಆದರೆ ಬೆಳಕು ಹಾದುಹೋಗುವ ದಾರಿ 1 ಸೆಂ.ಮೀ. ಇರುವುದಿಲ್ಲ. 96 ಗುಳಿಯ ಪ್ಲೇಟಿನಲ್ಲಿ 200 ಮೈಕ್ರೋಲೀಟರ್ ಹಾಕಿದರೆ ಅರ್ಧ ಸೆಂಟಿಮೀಟರ್ ಚಿಲ್ಲರೆ ಅಷ್ಟೇ. "ಅರ್ಧ ಆಕ್ಟಿವಿಟಿ ಮಾತ್ರ ಬರ್ತಿದೆ" ಎಂಬ ದೂರುಗಳಲ್ಲಿ ಎಷ್ಟೋ ಇಲ್ಲೇ ಬಗೆಹರಿಯುತ್ತವೆ.

ಇನ್ನೊಂದು ಮುಖ್ಯ ವಿಷಯ ಪಿಎಚ್. ಆರ್ಥೋ-ನೈಟ್ರೋಫೀನಾಲ್‌ನ ಪಿಕೆಎ (ಅರ್ಧ ಭಾಗ ಹಳದಿ ರೂಪಕ್ಕೆ ಬರುವ ಪಿಎಚ್) ಸುಮಾರು 7.2. ಅಂದರೆ ಪಿಎಚ್ 7ರ ಬಫರ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಹಳದಿ. ಉಳಿದದ್ದು ಇದ್ದರೂ ಕಾಣುವುದಿಲ್ಲ. 1 ಮೋಲಾರ್ ಸೋಡಿಯಂ ಕಾರ್ಬೊನೇಟ್ ಹಾಕಿದ ತಕ್ಷಣ ಪಿಎಚ್ ಮೇಲೇರಿ ಎಲ್ಲವೂ ಹಳದಿಯಾಗುತ್ತದೆ, ಎಂಜೈಮೂ ನಿಲ್ಲುತ್ತದೆ. ಆದ್ದರಿಂದ ನಿಲ್ಲಿಸದೆ ನೇರವಾಗಿ ಓದುವವರು 4500 ಬಳಸಬಾರದು. ತಮ್ಮ ಬಫರ್‌ನಲ್ಲೇ ಆರ್ಥೋ-ನೈಟ್ರೋಫೀನಾಲ್ ಹಾಕಿ ತಮ್ಮದೇ ಗೆರೆ (ಸ್ಟ್ಯಾಂಡರ್ಡ್ ಕರ್ವ್) ಎಳೆದುಕೊಳ್ಳಬೇಕು.

ಕಾರ್ಬೊನೇಟ್ ಬಾಟಲಿಯ ಹೆಸರನ್ನೂ ಒಮ್ಮೆ ಓದಿ. ಶೆಲ್ಫಿನಲ್ಲಿ ಅದರ ಪಕ್ಕದಲ್ಲೇ ಸೋಡಿಯಂ ಬೈಕಾರ್ಬೊನೇಟ್ ಇರುತ್ತದೆ. ಅದನ್ನು ಹಾಕಿದರೆ ಪಿಎಚ್ 8ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಎಂಜೈಮ್ ಪೂರ್ತಿ ನಿಲ್ಲುವುದಿಲ್ಲ. ಗುರುತು ಏನೆಂದರೆ, ನಿಲ್ಲಿಸಿದ ಮೇಲೂ ರೀಡಿಂಗ್ ನಿಧಾನವಾಗಿ ಏರುತ್ತಲೇ ಇರುತ್ತದೆ.

ಲೆಕ್ಕವನ್ನು ಕೈಯಲ್ಲಿ ಒಮ್ಮೆ ಮಾಡಿ

ಎಕ್ಸೆಲ್ ಶೀಟ್ ಹಿಂದಿನ ಬ್ಯಾಚಿನವರದ್ದು ಆಗಿದ್ದರೆ ಇದನ್ನು ಖಂಡಿತ ಮಾಡಿ. ರಿಯಾಕ್ಷನ್ 1 ಮಿ.ಲೀ., ನಿಲ್ಲಿಸಲು ಹಾಕಿದ ಕಾರ್ಬೊನೇಟ್ 0.5 ಮಿ.ಲೀ., ಒಟ್ಟು 1.5 ಮಿ.ಲೀ. ಬ್ಲಾಂಕ್ ಕಳೆದು ರೀಡಿಂಗ್ 0.90 ಬಂತು ಅಂದುಕೊಳ್ಳಿ. 0.90ನ್ನು 4500ರಿಂದ ಭಾಗಿಸಿದರೆ 200 ಮೈಕ್ರೋಮೋಲಾರ್. 1.5 ಮಿ.ಲೀ.ನಲ್ಲಿ ಅದು 300 ನ್ಯಾನೋಮೋಲ್. 10 ನಿಮಿಷದಲ್ಲಿ ಆದದ್ದಾದರೆ ನಿಮಿಷಕ್ಕೆ 30 ನ್ಯಾನೋಮೋಲ್, ಅಂದರೆ 0.03 ಯೂನಿಟ್. ಇಲ್ಲಿ 1.5ರ ಬದಲು 1 ಎಂದು ಹಾಕಿದರೆ ಉತ್ತರದ ಮೂರನೇ ಒಂದು ಭಾಗ ಮಾಯ.

ಯೂನಿಟ್ ಅಂದರೆ ಯಾವ ಯೂನಿಟ್ ಎಂದೂ ನೋಡಿ. ಸಾಮಾನ್ಯವಾಗಿ 37 ಡಿಗ್ರಿಯಲ್ಲಿ ನಿಮಿಷಕ್ಕೆ 1 ಮೈಕ್ರೋಮೋಲ್ ಒಎನ್‌ಪಿಜಿ ಕತ್ತರಿಸುವಷ್ಟು ಎಂಜೈಮ್ ಒಂದು ಯೂನಿಟ್. ಆದರೆ ಕೆಲವು ಲೇಬಲ್‌ಗಳಲ್ಲಿ ಲ್ಯಾಕ್ಟೋಸ್ ಮೇಲೆ ಅಳೆದ ಯೂನಿಟ್ ಇರುತ್ತದೆ. ಅವೆರಡನ್ನು ಹೋಲಿಸಲು ಬರುವುದಿಲ್ಲ. ಮಿಲ್ಲರ್ ಯೂನಿಟ್ ಮತ್ತೂ ಬೇರೆ. ಅದು ಜೀವಕೋಶಗಳ ಸಾಂದ್ರತೆಗೆ ಹೊಂದಿಸಿದ ಅಳತೆ, ಶುದ್ಧ ಪ್ರೋಟೀನಿಗೆ ಅದರ ಮಾತೇ ಬೇಡ.

ಒಎನ್‌ಪಿಜಿ ಮತ್ತು ಬಫರ್

ಒಎನ್‌ಪಿಜಿ ಸ್ಟಾಕ್ ತಾಜಾ ಇದ್ದಾಗ ಬಣ್ಣವಿಲ್ಲದೆ ಇರುತ್ತದೆ. ಬೆಳಕಿಗೆ, ಬಿಸಿಗೆ ಇಟ್ಟರೆ ತಾನಾಗೇ ಒಡೆದು ಹಳದಿಯಾಗುತ್ತದೆ. ಬ್ಲಾಂಕ್ ಜಾಸ್ತಿ ಬರುತ್ತಿದ್ದರೆ ಬಾಟಲಿಯನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿ, ಗೊತ್ತಾಗುತ್ತದೆ. 4 ಮಿ.ಗ್ರಾಂ/ಮಿ.ಲೀ. ಸ್ಟಾಕನ್ನು ಫ್ರಿಜ್‌ನಿಂದ ತೆಗೆದಾಗ ತಳದಲ್ಲಿ ಹರಳು ಕಂಡರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಹಿಡಿದು ಕರಗಿಸಿಯೇ ಬಳಸಿ. ಹಾಗೇ ಮೇಲಿನ ದ್ರಾವಣ ತೆಗೆದರೆ ಸಬ್‌ಸ್ಟ್ರೇಟ್, ಅಂದರೆ ಎಂಜೈಮ್ ಕತ್ತರಿಸುವ ಒಎನ್‌ಪಿಜಿ, ಕಡಿಮೆ ಬೀಳುತ್ತದೆ.

ಬಫರ್ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಎಲ್ಲರೂ ಬಳಸುವ ಝಡ್ ಬಫರ್‌ನಲ್ಲಿ 60 ಮಿಲಿಮೋಲಾರ್ ಡೈಸೋಡಿಯಂ ಫಾಸ್ಫೇಟ್, 40 ಮಿಲಿಮೋಲಾರ್ ಮಾನೋಸೋಡಿಯಂ ಫಾಸ್ಫೇಟ್, 10 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 1 ಮಿಲಿಮೋಲಾರ್ ಮೆಗ್ನೀಷಿಯಂ ಸಲ್ಫೇಟ್, 50 ಮಿಲಿಮೋಲಾರ್ ಬೀಟಾ-ಮರ್ಕ್ಯಾಪ್ಟೋಇಥನಾಲ್ ಇರುತ್ತವೆ. ಪಿಎಚ್ 7. ಇದರಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಎರಡು ಕಡೆ.

ಒಂದು, ಮೆಗ್ನೀಷಿಯಂ. ಈ ಎಂಜೈಮಿನ ಕತ್ತರಿಸುವ ಜಾಗದಲ್ಲೇ ಮೆಗ್ನೀಷಿಯಂ ಕೂತಿರಬೇಕು. ಸೋಡಿಯಂ ಅಥವಾ ಪೊಟ್ಯಾಸಿಯಂ ಕೂಡ ಬೇಕು, ಆದರೆ ಅದು ಫಾಸ್ಫೇಟ್ ಬಫರ್‌ನಲ್ಲಿ ಹೇಗೂ ಇರುತ್ತದೆ. ಮೆಗ್ನೀಷಿಯಂ ಮಾತ್ರ ನಾವೇ ಹಾಕಬೇಕು. ಎಲ್ಲವನ್ನೂ ಬೆರೆಸಿ ಆಟೋಕ್ಲೇವ್ ಮಾಡುವವರಿದ್ದಾರೆ. ಆಗ ಮೆಗ್ನೀಷಿಯಂ ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಮೇಲೆ ಉಳಿದ ಬಫರ್ ನೋಡಲು ತಿಳಿಯಾಗಿ ಚೆನ್ನಾಗಿರುತ್ತದೆ, ಅದರಲ್ಲಿ ಬೇಕಾದ್ದೇ ಇರುವುದಿಲ್ಲ. ಮೆಗ್ನೀಷಿಯಂ ಸಲ್ಫೇಟ್ ಸ್ಟಾಕ್ ಬೇರೆ ಇಟ್ಟು, ಬಳಸುವ ದಿನ ಸೇರಿಸಿ.

ಅದಕ್ಕಿಂತ ಕಾಡುವುದು ಇಡಿಟಿಎ. ಪ್ರೋಟೀನ್ ಒಡೆಯದಿರಲಿ ಎಂದು ಲೈಸಿಸ್ ಬಫರ್‌ಗೆ ಇಡಿಟಿಎ ಹಾಕಿರುತ್ತಾರೆ, ಇಲ್ಲವೇ ಡಯಾಲಿಸಿಸ್ ಬಫರ್‌ನಲ್ಲಿ ಇರುತ್ತದೆ. ಅದು ಮೆಗ್ನೀಷಿಯಂ ಹಿಡಿದುಕೊಳ್ಳುತ್ತದೆ. ಇಲ್ಲಿ ಗಾಬರಿ ಬೇಡ, ಲೆಕ್ಕ ಹಾಕಿ. ಎಂಜೈಮ್ ಸ್ಟಾಕ್‌ನಲ್ಲಿ 1 ಮಿಲಿಮೋಲಾರ್ ಇಡಿಟಿಎ ಇದ್ದು, ಅದನ್ನು ಝಡ್ ಬಫರ್‌ನಲ್ಲಿ ನೂರು ಪಟ್ಟು ತೆಳು ಮಾಡಿದರೆ 0.01 ಮಿಲಿಮೋಲಾರ್ ಉಳಿಯುತ್ತದೆ. 1 ಮಿಲಿಮೋಲಾರ್ ಮೆಗ್ನೀಷಿಯಂ ಮುಂದೆ ಅದು ಏನೂ ಅಲ್ಲ. ಆದರೆ ರಿಯಾಕ್ಷನ್ ಬಫರ್‌ನಲ್ಲೇ 1 ಮಿಲಿಮೋಲಾರ್ ಇಡಿಟಿಎ ಇದ್ದರೆ ಮೆಗ್ನೀಷಿಯಂ ಪೂರ್ತಿ ಕಟ್ಟಿಹಾಕಿದಂತೆ. ಅನುಮಾನ ಬಂದರೆ ಪರೀಕ್ಷೆ ಸುಲಭ: ಅದೇ ಟ್ಯೂಬಿಗೆ ಇನ್ನೂ 5 ಮಿಲಿಮೋಲಾರ್ ಆಗುವಷ್ಟು ಮೆಗ್ನೀಷಿಯಂ ಹಾಕಿ ನೋಡಿ. ಹಳದಿ ಬರತೊಡಗಿದರೆ ಕಳ್ಳ ಸಿಕ್ಕಿದ. ಎಂಜೈಮ್ ಹಾಳಾಗಿರಲಿಲ್ಲ.

ಎರಡು, ಪ್ರೋಟೀನ್ ಆಕ್ಸಿಡೈಸ್ ಆಗದಂತೆ ಕಾಯುವ ಮರ್ಕ್ಯಾಪ್ಟೋಇಥನಾಲ್. ಅದು ಗಾಳಿಗೆ ಆವಿಯಾಗುತ್ತದೆ, ಆಕ್ಸಿಡೈಸ್ ಆಗುತ್ತದೆ. ಹೋದ ತಿಂಗಳು ಹಾಕಿದ್ದು ಇವತ್ತು ಇದೆ ಎಂದು ನಂಬಬೇಡಿ. ಬಳಸುವ ದಿನ ಫ್ಯೂಮ್ ಹುಡ್‌ನಲ್ಲಿ ಹಾಕಿ.

ನೀರಿನ ಬಗ್ಗೆ ನಮ್ಮ ಕಡೆಯವರು ಸ್ವಲ್ಪ ಎಚ್ಚರ ಇರಬೇಕು. ಮೈಸೂರಿನಲ್ಲಿ ನಲ್ಲಿ ನೀರು ಕಾವೇರಿ, ಕಬಿನಿಯದು. ಆದರೆ ಎಷ್ಟೋ ಕಟ್ಟಡಗಳಲ್ಲಿ ಬೇಸಿಗೆಯಲ್ಲಿ ಬೋರ್ ನೀರೂ ಸೇರುತ್ತದೆ. ಗಡಸು ನೀರಿನಿಂದ ಡಿಸ್ಟಿಲೇಷನ್ ಘಟಕದೊಳಗೆ ಬಿಳಿ ಪದರ ಕಟ್ಟುತ್ತದೆ, ಕುದಿಯುವ ನೀರು ಎಗರಿ ಶುದ್ಧ ನೀರಿಗೆ ಸೇರುತ್ತದೆ. ತಾಮ್ರದಂಥ ಲೋಹ ಸ್ವಲ್ಪ ಇದ್ದರೂ ಪ್ರೋಟೀನಿನ ಸಿಸ್ಟೀನ್‌ಗಳಿಗೆ ತೊಂದರೆ. ಬಫರ್ ಎಲ್ಲ ಹೊಸದಾಗಿ ಮಾಡಿದರೂ ಸರಿಹೋಗಲಿಲ್ಲ ಅಂದರೆ ಪಕ್ಕದ ಲ್ಯಾಬಿನಿಂದ ಒಂದು ಬಾಟಲಿ ಒಳ್ಳೆಯ ನೀರು ಕೇಳಿ ತಂದು ಮಾಡಿ ನೋಡಿ. ಹಾಗೆಯೇ ಅವರ ಬಫರ್ ಒಂದಿಷ್ಟು ತಂದು ನಿಮ್ಮ ಎಂಜೈಮ್ ಹಾಕಿ, ನಿಮ್ಮ ಬಫರ್‌ನಲ್ಲಿ ಅವರ ಎಂಜೈಮ್ ಹಾಕಿ. ಈ ಅದಲು ಬದಲಿನಷ್ಟು ಬೇಗ ಉತ್ತರ ಕೊಡುವುದು ಯಾವುದೂ ಇಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎಲ್ಲ ಒಟ್ಟಿಗೆ ಹೊಸದು ಮಾಡಿದಾಗ ಬಣ್ಣ ಬಂದರೂ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಮುಂದಿನ ತಿಂಗಳು ಅದೇ ತೊಂದರೆ ಮತ್ತೆ ಬರುತ್ತದೆ.

ಎಂಜೈಮ್ ಜಾಸ್ತಿಯಾದರೂ ತೊಂದರೆ, ಕಡಿಮೆಯಾದರೂ ತೊಂದರೆ

ಯಂತ್ರವನ್ನು ಕೈನೆಟಿಕ್ ಮೋಡ್‌ನಲ್ಲಿ ಇಟ್ಟು ಓದುವವರಿಗೆ ಒಂದು ವಿಚಿತ್ರ ಕಾಣುತ್ತದೆ. ಗೆರೆ ಮಟ್ಟಸ, ಏರಿಕೆ ಸೊನ್ನೆ. ಆಕ್ಟಿವಿಟಿ ಇಲ್ಲ ಎಂದು ಬರೆದುಬಿಡುತ್ತಾರೆ. ಕ್ಯುವೆಟ್ ತೆಗೆದು ಕಣ್ಣಲ್ಲಿ ನೋಡಿದರೆ ಗಾಢ ಹಳದಿ. ಎಂಜೈಮ್ ಎಷ್ಟು ಜಾಸ್ತಿ ಇತ್ತೆಂದರೆ ಮೊದಲ ರೀಡಿಂಗ್‌ಗೆ ಮುಂಚೆಯೇ ಯಂತ್ರದ ಮಿತಿ ದಾಟಿತ್ತು. ರಿಯಾಕ್ಷನ್‌ನಲ್ಲಿ 2 ಮಿಲಿಮೋಲಾರ್ ಒಎನ್‌ಪಿಜಿ ಇದ್ದು ಪೂರ್ತಿ ಕತ್ತರಿಸಿದರೆ ಕ್ಷಾರದಲ್ಲಿ ಹೀರಿಕೆ 9 ಆಗುತ್ತದೆ. ಯಾವ ಸಾಮಾನ್ಯ ಯಂತ್ರವೂ ಅದನ್ನು ಓದುವುದಿಲ್ಲ. ರೀಡಿಂಗ್ 1ರ ಒಳಗೆ ಇರುವಂತೆ ಎಂಜೈಮ್ ತೆಳು ಮಾಡಿ. ಎಂಜೈಮ್ ಅರ್ಧ ಮಾಡಿದರೆ ಬಣ್ಣವೂ ಅರ್ಧ ಆಗಬೇಕು. ಆಗದಿದ್ದರೆ ಆ ಸಂಖ್ಯೆಯನ್ನು ನಂಬಬೇಡಿ.

ತೆಳು ಮಾಡುವಾಗ ಇನ್ನೊಂದು ಅಪಾಯ. ಬಹಳ ತೆಳು ಪ್ರೋಟೀನ್ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುತ್ತದೆ. ಬೆಳಗ್ಗೆ ತೆಳು ಮಾಡಿ ಮಧ್ಯಾಹ್ನ ಬಳಸಿದರೆ ಟ್ಯೂಬಿನಲ್ಲಿ ಬರೀ ಬಫರ್ ಉಳಿದಿರಬಹುದು. ತೆಳು ಮಾಡುವ ಬಫರ್‌ಗೆ 0.1 ಶೇಕಡಾ ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್) ಹಾಕಿದರೆ ಈ ತೊಂದರೆ ತಪ್ಪುತ್ತದೆ. ಹಾಗೆ ಮಾಡಿದ್ದನ್ನು ಆ ದಿನವೇ ಬಳಸಿ ಚೆಲ್ಲಿಬಿಡಿ. ಅಲುಗಾಡಿಸುವಾಗ ವೋರ್ಟೆಕ್ಸ್ ಬೇಡ. ನೊರೆ ಬಂದರೆ ಪ್ರೋಟೀನ್ ಹಾಳು.

ಗ್ಲಿಸರಾಲ್‌ನಲ್ಲಿರುವ ಎಂಜೈಮ್ ಮಂದವಾಗಿರುತ್ತದೆ. 1 ಮೈಕ್ರೋಲೀಟರ್ ತೆಗೆಯಲು ಹೋದರೆ ಟಿಪ್‌ನ ಹೊರಗೂ ಅಷ್ಟೇ ಅಂಟಿರುತ್ತದೆ. 10 ಮೈಕ್ರೋಲೀಟರ್ ತೆಗೆದು ತೆಳು ಮಾಡಿ, ಅದರಿಂದ ಮುಂದೆ ಹೋಗಿ.

ಕೆಲವು ಎಂಜೈಮ್ ಅಮೋನಿಯಂ ಸಲ್ಫೇಟ್‌ನಲ್ಲಿ ಗಸಿಯ ರೂಪದಲ್ಲಿ ಬರುತ್ತದೆ. ಪ್ರೋಟೀನ್ ಎಲ್ಲ ತಳದ ಬಿಳಿ ಗಸಿಯಲ್ಲಿದೆ. ಕದಡದೆ ಇಟ್ಟ ಮಜ್ಜಿಗೆಯ ಮೇಲೆ ನಿಂತ ನೀರನ್ನು ಬಗ್ಗಿಸಿಕೊಂಡ ಹಾಗೆ ಮೇಲಿನ ತಿಳಿ ತೆಗೆದರೆ ಏನೂ ಸಿಗದು. ನಿಧಾನವಾಗಿ ಮೇಲೆ ಕೆಳಗೆ ಮಾಡಿ ಬೆರೆಸಿ ತೆಗೆಯಿರಿ. ಇಂಥ ಟ್ಯೂಬನ್ನು ಫ್ರೀಜರ್‌ನಲ್ಲಿ ಇಡಬಾರದು, ಫ್ರಿಜ್‌ನ 4 ಡಿಗ್ರಿ ಸಾಕು. ಪುಡಿಯ ರೂಪದಲ್ಲಿ ಬಂದದ್ದಾದರೆ ತೆರೆಯುವ ಮುಂಚೆ ಒಮ್ಮೆ ಸೆಂಟ್ರಿಫ್ಯೂಜ್ ಮಾಡಿ. ಪುಡಿ ಮುಚ್ಚಳದಲ್ಲಿ ಅಂಟಿಕೊಂಡು ಮುಚ್ಚಳದ ಜೊತೆಗೇ ಹೋಗಿರುವುದುಂಟು.

ಪ್ರೋಟೀನ್ ಇದೆಯೇ, ಇದ್ದರೆ ಯಾವ ಸ್ಥಿತಿಯಲ್ಲಿ

ಇಲ್ಲಿಗೆ ಬಂದ ಮೇಲೆ ಎಂಜೈಮಿನ ಮೇಲೆ ಅನುಮಾನ ಪಡಲು ಹಕ್ಕಿದೆ. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಎಸ್‌ಡಿಎಸ್ ಜೆಲ್ ಹಾಕಿ. ದೊಡ್ಡ ಪ್ರೋಟೀನ್ ಆದ್ದರಿಂದ 7.5 ಅಥವಾ 8 ಶೇಕಡಾ ಜೆಲ್ ಒಳ್ಳೆಯದು. 15 ಶೇಕಡಾ ಜೆಲ್‌ನಲ್ಲಿ ಅದು ಮೇಲೇ ನಿಂತುಬಿಡುತ್ತದೆ, ಬ್ಯಾಂಡ್ ಇಲ್ಲ ಎಂದು ತಪ್ಪು ತಿಳಿಯುತ್ತೇವೆ. ಅಳತೆಗೆ ಬಳಸುವ ಎಷ್ಟೋ ಪ್ರೋಟೀನ್ ಮಾರ್ಕರ್‌ಗಳಲ್ಲಿ 116ರ ಬ್ಯಾಂಡ್ ಈ ಬೀಟಾ-ಗ್ಯಾಲಕ್ಟೋಸಿಡೇಸೇ ಆಗಿರುತ್ತದೆ. ಹಾಗಾಗಿ ಪಕ್ಕದ ಸಾಲಿನಲ್ಲೇ ಹೋಲಿಕೆ ಸಿಗುತ್ತದೆ. 116ರಲ್ಲಿ ಒಂದು ಗಟ್ಟಿ ಬ್ಯಾಂಡ್ ಇದ್ದರೆ ಸರಪಳಿ ಇದೆ. ಕೆಳಗೆ ಏಣಿಯ ಹಾಗೆ ಸಣ್ಣ ಬ್ಯಾಂಡ್‌ಗಳಿದ್ದರೆ ಪ್ರೋಟಿಯೇಸ್ ಕಡಿದಿದೆ.

ಆದರೆ ಜೆಲ್ ಇಷ್ಟನ್ನೇ ಹೇಳುತ್ತದೆ. ಎಸ್‌ಡಿಎಸ್ ಎಲ್ಲವನ್ನೂ ಬಿಡಿಸಿಬಿಡುತ್ತದೆ. ನಾಲ್ಕು ಸರಪಳಿ ಕೂಡಿತ್ತೇ ಎಂಬುದು ಅದರಲ್ಲಿ ಕಾಣದು. 1994ರಲ್ಲಿ ಎಕ್ಸ್-ರೇ ಮೂಲಕ ಈ ಎಂಜೈಮಿನ ರಚನೆ ತಿಳಿದಾಗ ಒಂದು ವಿಷಯ ಸ್ಪಷ್ಟವಾಯಿತು. ಒಂದು ಸರಪಳಿಯ ಭಾಗವೊಂದು ಪಕ್ಕದ ಸರಪಳಿಯ ಕತ್ತರಿಸುವ ಜಾಗಕ್ಕೆ ಚಾಚಿ ಅದನ್ನು ಪೂರ್ತಿ ಮಾಡುತ್ತದೆ. ಬಿಡಿ ಬಿಡಿಯಾದರೆ ಕೆಲಸ ಇಲ್ಲ. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಹೀಗೆ ಬಿಡಿಯಾಗುವ, ಮುದ್ದೆಯಾಗುವ ಅಪಾಯ ಇದೆ. ಬ್ಯಾಂಡ್ ಚೆನ್ನಾಗಿದ್ದು ಆಕ್ಟಿವಿಟಿ ಇಲ್ಲದಿದ್ದರೆ ಎಸ್‌ಡಿಎಸ್ ಇಲ್ಲದ ನೇಟಿವ್ ಜೆಲ್ ಹಾಕಿ, ಇಲ್ಲವೇ ಗಾತ್ರದ ಕಾಲಂನಲ್ಲಿ ಓಡಿಸಿ. ಸರಿ ಇದ್ದರೆ ಸುಮಾರು 465 ಕಿಲೋಡಾಲ್ಟನ್ ಬಳಿ ಬರಬೇಕು.

ಪ್ರೋಟೀನ್ ಎಷ್ಟಿದೆ ಎಂದು 280ರಲ್ಲಿ ಓದುವವರಿಗೆ ಒಂದು ಮಾತು. ಈ ಪ್ರೋಟೀನಿನಲ್ಲಿ ಟ್ರಿಪ್ಟೋಫಾನ್ ಜಾಸ್ತಿ. 1 ಮಿ.ಗ್ರಾಂ/ಮಿ.ಲೀ. ಇದ್ದರೆ ಹೀರಿಕೆ 2ಕ್ಕಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ಸುಮ್ನೆ "ಹೀರಿಕೆ 1 ಅಂದರೆ 1 ಮಿಲಿಗ್ರಾಂ" ಎಂದು ಹಾಕಿದರೆ ಪ್ರೋಟೀನ್ ಎರಡು ಪಟ್ಟು ಕಾಣುತ್ತದೆ, ಮಿಲಿಗ್ರಾಂಗೆ ಆಕ್ಟಿವಿಟಿ ಅರ್ಧ ಆಗಿಬಿಡುತ್ತದೆ. ಟ್ಯಾಗ್ (ಹಿಡಿಯಲು ಸೇರಿಸಿದ ತುಣುಕು) ಇರುವ ಪ್ರೋಟೀನನ್ನು ಶುದ್ಧ ಮಾಡುವ ನಿಕ್ಕಲ್ ಕಾಲಂನಿಂದ ಬಂದ ಇಮಿಡಜೋಲ್ ಕೂಡ 280ರಲ್ಲಿ ರೀಡಿಂಗ್ ಏರಿಸುತ್ತದೆ. ಬ್ಲಾಂಕ್‌ಗೆ ಅದೇ ಬಫರ್ ಬಳಸಿ. ಕೊಂಡು ತಂದ ಟ್ಯೂಬಿನಲ್ಲಿ ಬಿಎಸ್‌ಎ ಬೆರೆಸಿದ್ದರೆ ಪ್ರೋಟೀನ್ ಅಳೆಯುವ ಬ್ರಾಡ್‌ಫೋರ್ಡ್ ಪರೀಕ್ಷೆ ಅದನ್ನೂ ಸೇರಿಸಿ ಎಣಿಸುತ್ತದೆ. ಲೇಬಲ್ ಓದಿ.

ತಂಪಿನ ಸರಪಳಿ

ಬೆಂಗಳೂರಿನಿಂದ ಮೈಸೂರಿಗೆ ರಸ್ತೆಯಲ್ಲಿ ಕೆಲವೇ ಗಂಟೆ. ಪಾರ್ಸೆಲ್ ಕೆಡುವುದು ರಸ್ತೆಯಲ್ಲಲ್ಲ, ಗೋಡೌನ್‌ನಲ್ಲಿ. ಶುಕ್ರವಾರ ಸಂಜೆ ಬಂದ ಡಬ್ಬ ಸೋಮವಾರದವರೆಗೆ ಕೂತಿದ್ದರೆ ಐಸ್ ಜೆಲ್ ಪೂರ್ತಿ ಕರಗಿರುತ್ತದೆ. ಡಬ್ಬ ತೆರೆದ ತಕ್ಷಣ ಐಸ್ ಹೇಗಿದೆ ಎಂದು ಫೋಟೋ ತೆಗೆದು ಇಟ್ಟುಕೊಳ್ಳಿ. ಆರ್ಡರ್ ಮಾಡುವಾಗಲೇ ಸೋಮವಾರ ಅಥವಾ ಮಂಗಳವಾರ ಕಳಿಸಿ ಎಂದು ಬರೆಯಿರಿ. ದಸರಾ ವಾರದಲ್ಲಂತೂ ತರಿಸಲೇ ಬೇಡಿ.

ದಸರಾ ಅಂದಾಗ ಒಂದು ಪ್ರಕರಣ ಹೇಳಬೇಕು. ನಾನು ನೋಡಿದ ಒಂದು ಲ್ಯಾಬ್‌ನಲ್ಲಿ ರಜೆ ಮುಗಿದ ಮೇಲೆ ಮೈನಸ್ 20ರಲ್ಲಿದ್ದ ಎಲ್ಲ ಎಂಜೈಮ್‌ಗಳ ಆಕ್ಟಿವಿಟಿ ಇಳಿದಿತ್ತು. ಬೀಟಾ-ಗ್ಯಾಲಕ್ಟೋಸಿಡೇಸ್ ಮಾತ್ರವಲ್ಲ, ಡಿಎನ್‌ಎ ಕತ್ತರಿಸುವ ರಿಸ್ಟ್ರಿಕ್ಷನ್ ಎಂಜೈಮ್‌ಗಳೂ ಸರಿಯಾಗಿ ಕತ್ತರಿಸುತ್ತಿರಲಿಲ್ಲ. ಅದೇ ಬ್ಯಾಚಿನ ಮೈನಸ್ 80ರ ಟ್ಯೂಬ್ ಚೆನ್ನಾಗಿತ್ತು. ಅಲ್ಲಿಗೆ ಬಫರ್, ಒಎನ್‌ಪಿಜಿ, ಯಂತ್ರ ಯಾವುದೂ ಕಾರಣವಲ್ಲ ಎಂದಾಯಿತು. ವಿಚಾರಿಸಿದಾಗ ತಿಳಿಯಿತು. ಆಯುಧಪೂಜೆಗೆ ಎಲ್ಲ ಯಂತ್ರ ಒರೆಸಿ, ಅರಿಶಿನ ಕುಂಕುಮ ಹಚ್ಚುವಾಗ ಫ್ರೀಜರ್‌ನ ಪ್ಲಗ್ ತೆಗೆದಿದ್ದರು. ರಾತ್ರಿಯೆಲ್ಲ ಹಾಗೇ ಇತ್ತು. ಮರುದಿನ ಯಾರೋ ನೋಡಿ ಹಾಕಿದ್ದಾರೆ. 50 ಶೇಕಡಾ ಗ್ಲಿಸರಾಲ್‌ನಲ್ಲಿರುವ ಎಂಜೈಮ್ ಮೈನಸ್ 20ರಲ್ಲೂ ಗಟ್ಟಿಯಾಗುವುದಿಲ್ಲ. ಆದ್ದರಿಂದ ಬಿಸಿಯಾಗಿದ್ದ ಗುರುತು ಟ್ಯೂಬ್ ನೋಡಿದರೆ ಸಿಗಲಿಲ್ಲ.

ಅದಕ್ಕೆ ಒಂದು ಸುಲಭ ಉಪಾಯ ಇದೆ. ಒಂದು ಟ್ಯೂಬಿಗೆ ಅರ್ಧದಷ್ಟು ನೀರು ಹಾಕಿ, ನೇರವಾಗಿ ನಿಲ್ಲಿಸಿ ಗಟ್ಟಿ ಮಾಡಿ. ಆಮೇಲೆ ತಲೆಕೆಳಗಾಗಿ ಇಡಿ. ಐಸ್ ಮೇಲೇ ಅಂಟಿಕೊಂಡಿರುತ್ತದೆ. ಯಾವತ್ತಾದರೂ ಕರಗಿ ಮತ್ತೆ ಗಟ್ಟಿಯಾಗಿದ್ದರೆ ಐಸ್ ಮುಚ್ಚಳದ ಕಡೆಗೆ ಬಂದಿರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ರಾತ್ರಿ ಕರೆಂಟ್ ಹೋಗಿದ್ದೂ ಇದರಲ್ಲಿ ಗೊತ್ತಾಗುತ್ತದೆ. ಮನೆಯಲ್ಲಿ ಬಳಸುವಂಥ ಫ್ರಾಸ್ಟ್-ಫ್ರೀ ಫ್ರೀಜರ್ ಎಂಜೈಮಿಗೆ ಬೇಡ. ಮಂಜು ಕಟ್ಟದಿರಲು ಅದು ಆಗಾಗ ತಾನೇ ಬಿಸಿಯಾಗುತ್ತದೆ.

ನೀವೇ ತಯಾರಿಸಿದ ಎಂಜೈಮ್ ಆದರೆ

ಇಲ್ಲಿ ತೊಂದರೆ ಉಲ್ಟಾ ಕೂಡ ಆಗುತ್ತದೆ. ಹಳದಿ ಬರುತ್ತದೆ, ಆದರೆ ಅದು ನಿಮ್ಮ ಪ್ರೋಟೀನಿನದ್ದಲ್ಲ. ಪ್ರೋಟೀನ್ ತಯಾರಿಸಲು ಬಳಸುವ ಇ. ಕೋಲೈ ತಳಿ ಬಿಎಲ್21 ಡಿಇ3ರ ಜೀವಕೋಶಗಳಲ್ಲಿ ಅವುಗಳದ್ದೇ ಲ್ಯಾಕ್‌ಝಡ್ ಇದೆ. 1961ರಲ್ಲಿ ಜಾಕೋಬ್ ಮತ್ತು ಮೊನೊ ವಿವರಿಸಿದ ಲ್ಯಾಕ್ ಓಪೆರಾನ್ ಎಂಬ ಜೀನ್ ಗುಂಪಿನದ್ದೇ ಅದು. ಪ್ಲಾಸ್ಮಿಡ್‌ನಲ್ಲಿರುವ (ನೀವು ಸೇರಿಸಿದ ಡಿಎನ್‌ಎ ಉಂಗುರದಲ್ಲಿರುವ) ಜೀನ್ ತೆರೆಯಲು ನೀವು ಹಾಕುವ ಐಪಿಟಿಜಿ ಜೀವಕೋಶದ ಸ್ವಂತ ಜೀನನ್ನೂ ತೆರೆಯುತ್ತದೆ. ಖಾಲಿ ಪ್ಲಾಸ್ಮಿಡ್ ಇರುವ ಅದೇ ಜೀವಕೋಶಗಳಿಗೂ ಐಪಿಟಿಜಿ ಹಾಕಿ, ಒಡೆದು, ಅದನ್ನೂ ಓದಿ. ಅದರಲ್ಲಿ ಬಂದ ಹಳದಿ ಕಳೆದ ಮೇಲೆ ಉಳಿದದ್ದು ಮಾತ್ರ ನಿಮ್ಮದು. ನಿಕ್ಕಲ್ ಕಾಲಂ ಹಾಕಿದರೆ ಸ್ವಂತದ್ದು ಹೋಗಿಬಿಡುತ್ತದೆ ಎಂದೂ ಧೈರ್ಯವಾಗಿ ಹೇಳಲಾಗದು. ಟ್ಯಾಗ್ ಇರುವ ಸರಪಳಿಯೂ ಇಲ್ಲದ ಸರಪಳಿಯೂ ಸೇರಿ ಒಂದು ಟೆಟ್ರಾಮರ್ ಆಗಿ ಜೊತೆಗೇ ಬರಬಹುದು. ಜೀನಿನಲ್ಲಿ ರೂಪಾಂತರ ಮಾಡಿ ಅಳೆಯುವವರಿಗೆ ಇದು ದೊಡ್ಡ ಮೋಸ. ಅವರು ಲ್ಯಾಕ್‌ಝಡ್ ತೆಗೆದುಹಾಕಿದ ತಳಿಯನ್ನೇ ಬಳಸಬೇಕು.

ಪ್ರೋಟೀನ್ ಕಾಣದಿದ್ದರೆ ಒಡೆದ ಜೀವಕೋಶದ ತಿಳಿಯನ್ನೂ ತಳದ ಉಂಡೆಯನ್ನೂ ಪಕ್ಕ ಪಕ್ಕ ಜೆಲ್‌ಗೆ ಹಾಕಿ. ಬ್ಯಾಂಡ್ ಪೂರ್ತಿ ಉಂಡೆಯಲ್ಲಿದ್ದರೆ ಇನ್‌ಕ್ಲೂಷನ್ ಬಾಡಿ, ಅಂದರೆ ಕರಗದ ಪ್ರೋಟೀನ್ ಮುದ್ದೆ, ಆಗಿದೆ. 16ರಿಂದ 20 ಡಿಗ್ರಿಯಲ್ಲಿ, 0.1 ಮಿಲಿಮೋಲಾರ್ ಐಪಿಟಿಜಿ ಹಾಕಿ, ರಾತ್ರಿಯಿಡೀ ನಿಧಾನವಾಗಿ ಬೆಳೆಸಿ ನೋಡಿ.

ಹಾಲಿನ ಮೇಲೆ ಪರೀಕ್ಷಿಸುವವರಿಗೆ

1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇರುವ ಊರು ಮೈಸೂರು, ಪಕ್ಕದಲ್ಲಿ ಹಾಲಿನ ಮಂಡ್ಯ ಜಿಲ್ಲೆ. ಹಾಲಿನ ಲ್ಯಾಕ್ಟೋಸ್ ಒಡೆಯುವ ಪ್ರಾಜೆಕ್ಟ್ ಇಲ್ಲಿನ ವಿದ್ಯಾರ್ಥಿಗಳು ಆರಿಸಿಕೊಳ್ಳುವುದು ಸಹಜ, ಒಳ್ಳೆಯದೂ ಹೌದು. ಆದರೆ ಹಾಲಿಗೆ ಒಎನ್‌ಪಿಜಿ ಹಾಕಿ 420ರಲ್ಲಿ ಓದಬೇಡಿ. ಹಾಲಿನ ಬಿಳುಪು ಬೆಳಕನ್ನು ಚೆದುರಿಸಿ ಸಂಖ್ಯೆ ಕೆಡಿಸುತ್ತದೆ. ಬಿಡುಗಡೆಯಾದ ಗ್ಲೂಕೋಸನ್ನು ಗ್ಲೂಕೋಸ್ ಆಕ್ಸಿಡೇಸ್ ಕಿಟ್‌ನಿಂದ ಅಳೆಯಿರಿ. ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ 4.5ರಿಂದ 5 ಶೇಕಡಾ ಇರುವುದರಿಂದ ಕಿಟ್‌ನ ಮಿತಿಗೆ ಬರುವಷ್ಟು ತೆಳು ಮಾಡಬೇಕು. ಶುರುವಿನಲ್ಲಿ ಗ್ಲೂಕೋಸ್ ನಿರೀಕ್ಷೆಗಿಂತ ಕಡಿಮೆ ಬಂದರೆ ಎಂಜೈಮ್ ದುರ್ಬಲ ಎನ್ನಬೇಡಿ. ಈ ಎಂಜೈಮ್ ಲ್ಯಾಕ್ಟೋಸಿನ ಒಂದಷ್ಟು ಭಾಗವನ್ನು ಕತ್ತರಿಸಿ ಬಿಡುವ ಬದಲು ಅಲ್ಲೋಲ್ಯಾಕ್ಟೋಸ್ ಎಂಬ ಇನ್ನೊಂದು ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಅದು ಆಮೇಲೆ ಒಡೆಯುತ್ತದೆ.

ಮತ್ತೆ, ಆ ಹಾಲನ್ನು ಯಾರೂ ರುಚಿ ನೋಡಬಾರದು. ಸಂಶೋಧನೆಗೆ ಮಾತ್ರ ಎಂದು ಲೇಬಲ್ ಇರುವ ಪ್ರೋಟೀನಿನಲ್ಲಿ ಇ. ಕೋಲೈಯ ಎಂಡೋಟಾಕ್ಸಿನ್ ಎಂಬ ವಿಷವಸ್ತು ಉಳಿದಿರಬಹುದು. ತಿನ್ನುವ ಉಪಯೋಗಕ್ಕೆ ಅದನ್ನು ಪರೀಕ್ಷಿಸಿರುವುದಿಲ್ಲ.

ಕೊನೆಗೆ ಪೂರೈಕೆದಾರರಿಗೆ ಬರೆಯುವುದಾದರೆ

ಎಲ್ಲ ನೋಡಿಯೂ ಎಂಜೈಮಿನದ್ದೇ ದೋಷ ಎಂದು ಖಾತ್ರಿಯಾದರೆ ಹಿಂಜರಿಯದೆ ಬರೆಯಿರಿ. "ಕೆಲಸ ಮಾಡುತ್ತಿಲ್ಲ, ಬದಲಿಸಿ" ಎಂದರೆ ಉತ್ತರ ಬರುವುದು ತಡ. ಲಾಟ್ ಸಂಖ್ಯೆ, ಡಬ್ಬ ತೆರೆದ ದಿನದ ಫೋಟೋ, ಆರ್ಥೋ-ನೈಟ್ರೋಫೀನಾಲ್ ಗೆರೆ, ಅದೇ ಬಫರ್‌ನಲ್ಲಿ ಬೇರೆ ಎಂಜೈಮ್ ಕೊಟ್ಟ ರೀಡಿಂಗ್, ಮೆಗ್ನೀಷಿಯಂ ಹೆಚ್ಚಿಸಿದಾಗ ಬಂದ ರೀಡಿಂಗ್, ಜೆಲ್ ಚಿತ್ರ ಇಷ್ಟನ್ನೂ ಒಂದೇ ಪತ್ರದಲ್ಲಿ ಹಾಕಿ. ಆ ಲಾಟ್‌ನ ಪರೀಕ್ಷಾ ಪ್ರಮಾಣಪತ್ರವನ್ನೂ ಕೇಳಿ, ಅವರು ಯಾವ ಬಫರ್‌ನಲ್ಲಿ, ಯಾವ ಡಿಗ್ರಿಯಲ್ಲಿ ಅಳೆದರೆಂದು ಅದರಲ್ಲಿ ಇರುತ್ತದೆ. ಹೊಸ ಟ್ಯೂಬ್ ಬಂದ ದಿನವೇ ಅದನ್ನು ಸಣ್ಣ ಸಣ್ಣ ಭಾಗ ಮಾಡಿ, ಒಂದನ್ನು "ಕಂಟ್ರೋಲ್" ಎಂದು ಬರೆದು ಬೇರೆ ಫ್ರೀಜರ್‌ನಲ್ಲಿ ಇಡಿ. ಹಳೆಯ ಟ್ಯೂಬನ್ನು ಹೊಸದರ ಜೊತೆ ಒಮ್ಮೆ ಅಕ್ಕಪಕ್ಕ ಓಡಿಸುವವರೆಗೆ ಎಸೆಯಬೇಡಿ.